ಲಾಲ್‌ಬಾಗಿನ ಎಳನೀರು

ಎಳನೀರು ಕೆತ್ತುವ ಹಸಿ ವಾಸನೆ ಮೂಗಿಗೆ ಬಡಿದರೆ ಇಂದಿಗೂ ಲಾಲ್‌ಬಾಗಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಬೆಂಗಳೂರಿನ ಆಸ್ಪತ್ರೆಯವರು ಔಷಧಿ ಚೀಟಿಯನ್ನೂ ಬರೆಯದೆ, ಅವ್ವನನ್ನು ಊರಿಗೆ ಕರೆದುಕೊಂಡು ಹೋಗಿ ಎಂದಿದ್ದರು. ತುರುವೇಕೆರೆ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು.

"ಲಾಲ್‌ಬಾಗ್ ನೋಡ್ಬೇಕು ಅಂತಿದ್ಯಲ್ಲ, ಬಾ," ಎಂದು ಅಪ್ಪ ಅವ್ವನನ್ನು ಕರೆದ.

ಗಾಜಿನ ಮನೆಯವರೆಗೆ ಅವ್ವನಿಗೆ ನಡೆಯಲಾಗಲಿಲ್ಲ. ಗೇಟಿನ ಬಳಿಯೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಅಪ್ಪ ಎಳನೀರು ತಂದ.

"ತೋಟ ಇಟ್ಕಂಡು ಎಳ್ನೀರಿಗೆ ದುಡ್ಡು ಕೊಡ್ತಾರಾ? ನಾಳೆ ಊರಲ್ಲಿ ಕಿತ್ರಾಯ್ತು ಬುಡಿ," ಎಂದಳು ಅವ್ವ.

"ಕುಡಿ ಕಣೇ."

ಊರಲ್ಲಿ ಅವ್ವನ ಪಕ್ಕ ಕೂರಲೂ ನಾಚುತ್ತಿದ್ದ ಅಪ್ಪ, ಅಷ್ಟು ಜನರೆದುರು ಬುರುಡೆಯ ಗಂಜಿ ಕೆರೆದು ಅವಳ ಬಾಯಿಗಿಟ್ಟ. ನಾನೂ ಕೈಚಾಚಿದೆ. ಎಂದೂ ಇಲ್ಲವೆನ್ನದವನು ನನ್ನ ಕೈಯನ್ನು ಮೆಲ್ಲಗೆ ಸರಿಸಿದ.

"ನಿಂಗೆ ಮುಂದೆ ಬೇಕಾದಷ್ಟೈತೆ ಬುಡು, ಮಗ."

ಅವ್ವ ಬಾಯಲ್ಲಿದ್ದುದನ್ನು ನುಂಗದೆ ಅಪ್ಪನ ಮುಖವನ್ನೇ ನೋಡಿದಳು.