ಅಕ್ಕನ ಕಂಪನಿ, ತಂಗಿಯ ಕಂಪನಿ

ಟೀವಿಯವರು ತೀರ್ಪು ಓದಿದಾಗ ಅಕ್ಕ ಗಿರಾಕಿಯೊಬ್ಬರ ಪರದೆಗೆ ಅಂಚು ಹೊಲಿಯುತ್ತಿದ್ದಳು. ಮಡಚುವ ಫೋನಿನ ಕೀಲನ್ನು ಮೊದಲು ಕಂಡುಹಿಡಿದದ್ದು ಯಾರು ಎಂದು ಎರಡು ಕಂಪನಿಗಳು ಕೋರ್ಟಿನಲ್ಲಿ ಜುಟ್ಟು ಹಿಡಿದು ಕೂತಿದ್ದವು. ಪೇಟೆಂಟ್ 'ಅಕ್ಕನ ಕಂಪನಿ'ಯದೇ ಎಂದಾಯಿತು. 'ತಂಗಿಯ ಕಂಪನಿ' ಕದ್ದದ್ದಂತೆ. ಇನ್ನು ಆ ಫೋನು ಒಂದನ್ನೂ ಮಾರುವಂತಿಲ್ಲ.

ಕಂಪನಿಗಳೇನೂ ಈ ಅಕ್ಕತಂಗಿಯರದಲ್ಲ. ಅಪ್ಪ ಬಿಟ್ಟುಹೋದ ಹಣದಲ್ಲಿ ಅಕ್ಕ ಒಂದರ ಷೇರು ಕೊಂಡಿದ್ದಳು, ತಂಗಿ ಇನ್ನೊಂದರದು. ಅಂದಿನಿಂದ ಮನೆಮಂದಿಯೆಲ್ಲ ಕರೆಯುವುದೇ ಹಾಗೆ.

ಅಂಚು ಮುಗಿಯುವ ಮೊದಲೇ ತಂಗಿ ಒಳಗೆ ಬಂದಳು. ಮುಖ ಬಾಡಿತ್ತು.

"ಗೆದ್ಬಿಟ್ಟೆ ಕಣೇ ಅಕ್ಕಾ. ನಿನ್ನ ಷೇರು ಆಕಾಶಕ್ಕೆ, ನಂದು ನೆಲಕ್ಕೆ."

"ಕೂತ್ಕೋ. ನೀರು ಕುಡಿ."

"ಬೇಡ. ನಿಜ ಹೇಳ್ಲಾ? ಹೊಟ್ಟೆ ಉರೀತಿದೆ. ಸ್ವಂತ ಅಕ್ಕನ ಮೇಲೆ!"

ಅಕ್ಕನ ಕಾಲು ಪೆಡಲನ್ನು ಒತ್ತಿಬಿಟ್ಟಿತು. ಮೆಷಿನ್ ದಡದಡ ಓಡಿತು. ತಂಗಿ ಹುಟ್ಟಿದಂದಿನಿಂದ ಅವಳು ಕಾದದ್ದು ಈ ಮಾತಿಗೇ. ಉದ್ದ ಜಡೆ ತಂಗಿಯದು, ಅಪ್ಪನ ತೊಡೆ ತಂಗಿಯದು, ಅಡಿಗೆಮನೆಗೆ ಕಿಟಕಿಯಿದ್ದ ಮನೆಯೂ ತಂಗಿಯದೇ. ಹೋದ ವಾರ ತಂಗಿಯ ಷೇರು ಏರಿ, ಅವಳು ಹೊಸ ಸೋಫಾ ನೋಡಲು ಕರೆದಾಗ ಅಕ್ಕನಿಗೆ ತಡೆಯಲಾಗಲಿಲ್ಲ. ಮನೆಗೆ ಬಂದವಳೇ ತನ್ನ ಷೇರನ್ನೆಲ್ಲ ಮಾರಿ, ತಂಗಿಯ ಕಂಪನಿಯದನ್ನೇ ಕೊಂಡುಬಿಟ್ಟಿದ್ದಳು. ಅವಳಿಗಿಂತ ಒಂದಾದರೂ ಹೆಚ್ಚಿರಲಿ ಎಂದು. ಯಾರಿಗೂ ಹೇಳಿರಲಿಲ್ಲ.

"ಆತುರಪಟ್ಟು ಮಾರ್ಬೇಡ, ಇನ್ನೂ ಏರತ್ತೆ," ಅಂದಳು ತಂಗಿ.

"ಇಲ್ಲಮ್ಮಾ. ಮಾರೋ ಮಾತೇ ಇಲ್ಲ."

"ಎಷ್ಟು ತಣ್ಣಗೆ ಹೇಳ್ತೀಯೇ! ನಾನಾಗಿದ್ರೆ ಬೀದೀಲಿ ಕುಣೀತಿದ್ದೆ."

ತಂಗಿ ಹೊರಟಳು. ಕಳಿಸಿಕೊಡಲು ಅಕ್ಕ ಏಳಹೋದಳು. ಹೆಗಲ ಮೇಲಿನ ಶಾಲು ಎಳೆಯಿತು. ನೋಡಿದರೆ, ಪರದೆಯ ಅಂಚಿಗೆ ತನ್ನ ಶಾಲನ್ನೇ ಸೇರಿಸಿ ಹೊಲಿದಿದ್ದಳು. ಮೆಲ್ಲಗೆ ಕೂತಳು.

ತಂಗಿ ಹೊಸ್ತಿಲಲ್ಲಿ ತಿರುಗಿದಳು. "ಬಾಗಿಲ ತನಕಾನೂ ಬರಲ್ವಾ? ಒಂದೇ ದಿನಕ್ಕೆ ಇಷ್ಟು ಜಂಬಾನಾ?"

"ಹ್ಞೂಂ, ಜಂಬ ಅಂತಲೇ ಇಟ್ಕೋ."

ಗೇಟು ಹಾಕಿಕೊಂಡ ಸದ್ದಾಯಿತು. ಅಕ್ಕ ಕತ್ತರಿ ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ತಂಗಿಯ ಹೊಟ್ಟೆಯುರಿಯ ಬಿಸಿ ಕೋಣೆಯಲ್ಲಿ ಇನ್ನೂ ಆರಿರಲಿಲ್ಲ. ಹೊಲಿಗೆ ಆಮೇಲೆ ಬಿಚ್ಚಿದರಾಯಿತು.