ಸದ್ದು ನಿಂತ ಕಾಡು

ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು. ಮುಂದೆ ನಡೆಯುತ್ತಿದ್ದ ಗಗನಾ ತಿರುಗಿ ನೋಡಿದಳು. ವಿಕ್ಟರ್ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಒತ್ತುತ್ತಿದ್ದ. ಒಳಗೆ ಜೀರುಂಡೆಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು.

ಹುಳಹುಪ್ಪಟೆ ನೋಡಲೆಂದೇ ಪರದೇಶದಿಂದ ಯಲ್ಲಾಪುರಕ್ಕೆ ಬಂದವನು ಅವನು. ಕಾಡು ಸುತ್ತಿಸುವ ಗೈಡ್ ಅವಳು.

"ಫೋಟೋ ಮಾತ್ರ ಅಂತ ಬೆಳಿಗ್ಗೆಯೇ ಹೇಳಿದ್ದೆನಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಅನುಮತಿ ಇಲ್ಲದೆ ಇಲ್ಲಿಂದ ಒಂದು ಇರುವೆಯನ್ನೂ ಒಯ್ಯುವ ಹಾಗಿಲ್ಲ. ಇಲ್ಲಿಯ ಕಾನೂನು."

"ನಮ್ಮೂರಲ್ಲಿ ಹುಳ ಹಿಡಿದರೆ ಯಾರೂ ಕೇಳುವುದಿಲ್ಲ."

"ಇದು ನಿಮ್ಮೂರಲ್ಲವಲ್ಲ."

ಅವನು ನಕ್ಕು ಡಬ್ಬಿಯನ್ನು ಚೀಲಕ್ಕೆ ತುರುಕಿದ. "ನೀವು ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ?"

ಇಬ್ಬರೂ ವಾಪಸು ಹೊರಟರು. ಮುಂದಿನ ತಿರುವಿನಾಚೆ ಕಾಡು ಕಿವಿ ಕಿವುಡಾಗುವಷ್ಟು ಕಿರುಚುತ್ತಿತ್ತು. ಇವರು ಅಲ್ಲಿಗೆ ಕಾಲಿಟ್ಟದ್ದೇ ತಡ, ಗಪ್ಪಾಯಿತು. ಮನುಷ್ಯರು ಹತ್ತಿರ ಬಂದರೆ ಜೀರುಂಡೆ ಸುಮ್ಮನಾಗುವುದು ಗಗನಾಳಿಗೆ ಹೊಸದಲ್ಲ. ಆದರೆ ದಾಟಿ ಹೋದಮೇಲೆ ಮತ್ತೆ ಶುರುಮಾಡುತ್ತಿದ್ದವು. ಇವತ್ತು ಮಾಡಲಿಲ್ಲ. ನಡೆದು ಬಂದ ದಾರಿಯೆಲ್ಲ ಬೆನ್ನ ಹಿಂದೆ ಸತ್ತಂತೆ ಬಿದ್ದಿತ್ತು. ಮಧ್ಯಾಹ್ನದ ಬಿಸಿಲಲ್ಲೂ ಅವಳ ಕುತ್ತಿಗೆ ತಣ್ಣಗಾಯಿತು. ವಿಕ್ಟರ್ ಕೂಡ ನಗು ಬಿಟ್ಟಿದ್ದ. ಮತ್ತೆ ಮತ್ತೆ ನಿಂತು ಹಿಂದೆ ನೋಡುತ್ತಿದ್ದ.

ಚೆಕ್‌ಪೋಸ್ಟಿನ ಗಾರ್ಡ್ ಚನ್ನಬಸವ ಕುರ್ಚಿ ಬಿಟ್ಟೆದ್ದು ಹೊರಗೆ ಬಂದು ನಿಂತಿದ್ದ. ದಾಸನಕೊಪ್ಪದ ಕಡೆಯವನು. "ಏನಾತ್ರೀ ಅಕ್ಕಾರ? ಕಾಡು ಯಾಕ ಹಿಂಗ ಬಾಯಿ ಮುಚ್ಚೇತಿ?"

ತಾವು ಕರೆದೊಯ್ದ ಪ್ರವಾಸಿಗರ ತಪ್ಪಿಗೆ ಗೈಡ್ ಕಾರ್ಡು ಕಳೆದುಕೊಂಡವರನ್ನು ಗಗನಾ ಕಂಡಿದ್ದಳು. ವಿಕ್ಟರ್ ಅವಳನ್ನೇ ನೋಡುತ್ತಿದ್ದ.

"ಇವರ ಚೀಲ ತೆಗೆಸಿ ನೋಡಿ, ಚನ್ನಬಸವಣ್ಣ. ನನ್ನ ಕಣ್ಣೆದುರೇ ಹಿಡಿದದ್ದು."

ಚನ್ನಬಸವ ಡಬ್ಬಿಯ ಫೋಟೋ ತೆಗೆದ, ಪಾಸ್‌ಪೋರ್ಟ್ ಇಸಿದುಕೊಂಡ, ಅರಣ್ಯ ಇಲಾಖೆಯ ಸಾಹೇಬರಿಗೆ ಫೋನು ಮಾಡಿದ. ಕೇಸು ಆಗುವುದು ಖಂಡಿತ. ವಿಚಾರಣೆ ಮುಗಿಯುವವರೆಗೆ ಗಗನಾಳ ಕಾರ್ಡೂ ಇಲ್ಲಿಯೇ ಇರಬೇಕು. ಅವಳು ಅದನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಳು. ಹುಳಗಳನ್ನು ಜೀವ ಇರುವಾಗಲೇ ಬಿಟ್ಟುಬಿಡಿ ಎಂದು ಸಾಹೇಬರು ಹೇಳಿದ್ದರಿಂದ ಚನ್ನಬಸವ ಅಂಗಳಕ್ಕೆ ಬಂದು ಮುಚ್ಚಳ ತೆರೆದ.

ಒಂದು ಹುಳವೂ ಮರದ ಕಡೆ ಹಾರಲಿಲ್ಲ. ನೇರ ಬಂದು ವಿಕ್ಟರನ ಅಂಗಿಯ ಮೇಲೆ ಕೂತವು. ಎದೆ, ಭುಜ, ಕೊರಳು. ಆಮೇಲೆ ಸುತ್ತಲಿನ ಮರಗಳಿಂದಲೂ ಇಳಿಯತೊಡಗಿದವು, ಸದ್ದೇ ಇಲ್ಲದೆ. ಅವನು ಕೊಡವಲು ಕೈಯೆತ್ತಿದ.

"ಅಲುಗಾಡಬ್ಯಾಡ್ರಿ," ಚನ್ನಬಸವ ದನಿ ತಗ್ಗಿಸಿ ಹೇಳಿದ. ಕನ್ನಡ ಬಾರದಿದ್ದರೂ ವಿಕ್ಟರನ ಕೈ ಎತ್ತಿದಲ್ಲೇ ನಿಂತಿತು.

"ನಾನು ಯಾವಾಗ ಹೋಗಬಹುದು?" ತುಟಿ ಮಾತ್ರ ಅಲುಗಿಸಿ ಅವನು ಗಗನಾಳನ್ನು ಕೇಳಿದ.

ಅವಳು ಅವನ ಕೊರಳ ಸುತ್ತ ಒತ್ತೊತ್ತಾಗಿ ಕೂತಿದ್ದ ಸಣ್ಣ ಕೆಂಪು ಕಣ್ಣುಗಳನ್ನು ನೋಡಿದಳು.

"ಅವು ಬಿಟ್ಟಾಗ."