ಕೈಗೆ ಸಿಕ್ಕ ಲೋಹ

“ಕಣ್ಣು ಕಾಣದ ಮಕ್ಕಳಿಗೆ ವಿಜ್ಞಾನದಿಂದ ವಿನಾಯಿತಿ ಇದೆಯಮ್ಮ. ಬದಲಿಗೆ ಬೇರೆ ಸಬ್ಜೆಕ್ಟ್ ತಗೊಳ್ಳಲಿ, ಸುಲಭವಾಗಿ ಪಾಸಾಗ್ತಾಳೆ” ಎಂದರು ಹೆಡ್‌ಮಿಸ್. ಶ್ರೀರಾಂಪುರದಿಂದ ಮಗಳ ಕೈಹಿಡಿದು ಮಲ್ಲೇಶ್ವರದ ಆ ಶಾಲೆಗೆ ಬಂದಿದ್ದ ಮಾರಕ್ಕ ಮಗಳ ಕಡೆ ತಿರುಗಿದಳು.

“ನಂಗೆ ಸೈನ್ಸೇ ಬೇಕು ಮಿಸ್” ಎಂದಳು ಜ್ಯೋತಿಲಕ್ಷ್ಮಿ. ಹತ್ತನೇ ತರಗತಿ ಆಗಷ್ಟೇ ಶುರುವಾಗಿತ್ತು.

ಹೆಡ್‌ಮಿಸ್ ವಿಜ್ಞಾನದ ಟೀಚರ್ ಗೋದಾರನ್ನು ಕರೆಸಿದರು. “ಒಂದು ಪಾಠ ಮಾಡಿ ನೋಡಿ. ಅರ್ಥ ಆಗದಿದ್ರೆ ಬಿಟ್ಬಿಡೋಣ.”

ಆ ವಾರದ ಪಾಠ ಲೋಹೀಯ ಬಂಧ. ಬೋರ್ಡಿನ ಮೇಲೆ ಸೊನ್ನೆಗಳ ಸಾಲು ಬರೆದೇ ಗೋದಾ ವರ್ಷವರ್ಷವೂ ಅದನ್ನು ಕಲಿಸಿದ್ದು. ಮಾರನೆಯ ದಿನ ಮನೆಯಿಂದ ಒಂದು ತಟ್ಟೆ ತಂದರು. ಅದರೊಳಗೆ ಒಂದೇ ಅಳತೆಯ ಗೋಲಿಗಳನ್ನು ಸಾಲುಸಾಲಾಗಿ ಜೋಡಿಸಿ, ಮೇಲೆ ಹರಳೆಣ್ಣೆ ಸುರಿದು, ಹುಡುಗಿಯ ಬೆರಳುಗಳನ್ನು ಹಿಡಿದು ಅವುಗಳ ಮೇಲಿಟ್ಟರು.

“ಒಂದೊಂದು ಗೋಲಿನೂ ಒಂದೊಂದು ಪರಮಾಣು ಅನ್ಕೋ. ಹೊರಗಿನ ಎಲೆಕ್ಟ್ರಾನ್‌ಗಳನ್ನ ಬಿಟ್ಕೊಟ್ಬಿಟ್ಟಿವೆ. ಅವೆಲ್ಲ ಸೇರಿ ಈ ಎಣ್ಣೆ. ಯಾರದೂ ಅಲ್ಲ, ಎಲ್ಲರದೂ. ಎಲ್ಲರನ್ನೂ ಹಿಡಿದಿಟ್ಟಿರೋದೂ ಅದೇ. ಈಗ ಒಂದು ಸಾಲು ತಳ್ಳು.”

ಸಾಲು ಮೆಲ್ಲನೆ ಜಾರಿತು. ಆದರೂ ಪಕ್ಕದ ಸಾಲಿಗೆ ಅಂಟಿಕೊಂಡೇ ನಿಂತಿತು.

“ಬಿಟ್ಟು ಹೋಗ್ಲಿಲ್ಲ ಮಿಸ್!”

“ಅದಕ್ಕೇ ಲೋಹ ಬಡಿದ್ರೆ ಚಪ್ಪಟೆ ಆಗತ್ತೆ, ಪುಡಿ ಆಗಲ್ಲ” ಎಂದು ಗೋದಾ ತಾಮ್ರದ ತಂತಿಯೊಂದನ್ನು ಸುತ್ತಿಗೆಯಿಂದ ಬಡಿದು ಅವಳ ಕೈಗಿಟ್ಟರು. ಒಂದು ಹರಳು ಕಲ್ಲುಪ್ಪನ್ನೂ ಬಡಿದರು. ಅದು ಪುಡಿಪುಡಿಯಾಯಿತು. ಹುಡುಗಿ ಎರಡನ್ನೂ ಮತ್ತೆ ಮತ್ತೆ ಮುಟ್ಟಿ ನೋಡಿದಳು.

ಗೋದಾ ನಡುವಿನ ಕೆಲವು ಗೋಲಿ ತೆಗೆದು ಆ ಜಾಗದಲ್ಲಿ ದಪ್ಪ ಗೋಲಿಗಳನ್ನು ಸೇರಿಸಿದರು. “ಇವು ಬೇರೆ ಲೋಹದವು. ತಾಮ್ರಕ್ಕೆ ಸತು ಬೆರೆಸಿದ ಹಾಗೆ. ತಳ್ಳು ನೋಡೋಣ.”

ಸಾಲು ಅಲ್ಲಲ್ಲೇ ಸಿಕ್ಕಿಹಾಕಿಕೊಂಡಿತು. ಜ್ಯೋತಿಲಕ್ಷ್ಮಿಯ ಬೆರಳು ದಪ್ಪ ಗೋಲಿಯ ಸುತ್ತ ಬಹಳ ಹೊತ್ತು ಆಡಿತು. “ಜಾರಕ್ಕೇ ಬಿಡಲ್ವಲ್ಲ ಇದು! ಅದಕ್ಕೇನಾ ಹಿತ್ತಾಳೆ ತಾಮ್ರಕ್ಕಿಂತ ಗಟ್ಟಿ?” ಎಂದಳು. ಆಮೇಲೆ, ಯಾರೂ ಕೇಳದೆಯೇ, “ಎಣ್ಣೆ ಇನ್ನೂ ಎಲ್ಲಾ ಕಡೆ ಓಡಾಡ್ತಿದೆ. ಹಂಗಾದ್ರೆ ಹಿತ್ತಾಳೆಲೂ ಕರೆಂಟ್ ಹರಿಯತ್ತೆ ಅಲ್ವಾ ಮಿಸ್?”

“ಹೌದು, ಹರಿಯತ್ತೆ” ಎಂದರು ಗೋದಾ. ಅಷ್ಟು ವರ್ಷಗಳಲ್ಲಿ ಯಾವ ಮಗುವೂ ಕೇಳದ ಪ್ರಶ್ನೆ. ಎಣ್ಣೆಗೈಯಲ್ಲೇ ಹೆಡ್‌ಮಿಸ್ ಕೋಣೆಗೆ ನಡೆದು, “ಇವಳು ವಿಜ್ಞಾನಾನೇ ಬರೀತಾಳೆ” ಎಂದರು.

ತೊಂಬತ್ತೇಳರ ಬೇಸಿಗೆಯಲ್ಲಿ ಫಲಿತಾಂಶ ಬಂತು. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನೆಲ್ಲ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದುಕೊಟ್ಟಿದ್ದಳು. ಜ್ಯೋತಿಲಕ್ಷ್ಮಿ ವಿಜ್ಞಾನದಲ್ಲೂ ಪಾಸಾಗಿದ್ದಳು. ಸಂಜೆ ತಾಯಿ ಮಗಳು ಹೂವು, ಬಾಳೆಹಣ್ಣು ಹಿಡಿದು ಗೋದಾರ ಮನೆಗೆ ಬಂದರು. ಮಾರಕ್ಕ ಕಾಲಿಗೆ ಬೀಳಲು ಬಾಗಿದಾಗ ಗೋದಾ ಭುಜ ಹಿಡಿದು ಎಬ್ಬಿಸಿದರು.

“ನಾನೇ ನಿಮಗೆ ಕೈ ಮುಗೀಬೇಕು ಮಾರಕ್ಕ. ಆ ಪಾಠ ನಂಗೂ ಸರಿಯಾಗಿ ಗೊತ್ತಾಗಿದ್ದು ಇವಳಿಂದ್ಲೇ.” ಮಗಳ ಕಡೆ ತಿರುಗಿ ಕೇಳಿದರು: “ಲೋಹದ ಗುಣಗಳ ಪ್ರಶ್ನೆ ಬಂದಿತ್ತಲ್ಲ, ಎಲ್ಲಾ ಬರೆಸಿದ್ಯಾ?”

“ಬರೆಸಿದೆ ಮಿಸ್. ಚಪ್ಪಟೆ ಆಗೋದು, ಕರೆಂಟ್ ಹರಿಯೋದು, ಗಟ್ಟಿಯಾಗೋದು, ಎಲ್ಲಾ ನಾನೇ ಮುಟ್ಟಿ ನೋಡಿದ್ದಲ್ವಾ?” ಹುಡುಗಿ ನಕ್ಕಳು. “ಲೋಹ ಹೊಳೆಯತ್ತೆ ಅನ್ನೋದೊಂದನ್ನ ಮಾತ್ರ ನಿಮ್ಮನ್ನ ನಂಬಿ ಬರೆಸಿದೆ.”